ಕೇಳಿದ್ದೊಂದು, ತೆರೆದದ್ದೊಂದು

ಜಾಲತಾಣದಲ್ಲಿ ಇ-ಮೇಲ್ ವಿಳಾಸ ಕಂಡಾಗ ಜನ ಅದನ್ನು ಹೇಗೆ ಮುಟ್ಟುತ್ತಾರೆ ಎಂಬುದನ್ನು ಕೆಲವು ಕಾಲದಿಂದ ಗಮನಿಸುತ್ತಿದ್ದೇನೆ. ಆದಷ್ಟೂ ಮುಟ್ಟುವುದೇ ಇಲ್ಲ. ಮೌಸ್‌ನ ಬಾಣವನ್ನು ವಿಳಾಸದಿಂದ ತುಸು ದೂರದ ಖಾಲಿ ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ಒತ್ತಿ ಹಿಡಿದು, ಅಕ್ಷರಗಳ ಮೇಲೆ ಹುಷಾರಾಗಿ ಎಳೆದುಕೊಂಡು ಹೋಗಿ, ಕೊನೆಯ ಅಕ್ಷರ ಬಂದ ಕೂಡಲೇ ಕೈಬಿಟ್ಟು, ಕಾಪಿ ಮಾಡಿಕೊಂಡು, ಪಕ್ಕದ ಟ್ಯಾಬ್‌ನಲ್ಲಿ ಬೆಳಗಿನಿಂದ ತೆರೆದೇ ಇರುವ ತಮ್ಮ ಮೇಲ್‌ಗೆ ಹೋಗಿ ಅಂಟಿಸುತ್ತಾರೆ. ಬೆರಳು ಜಾರಿ ಕ್ಲಿಕ್ ಆಗಿಬಿಟ್ಟರೆ ‘ಅಯ್ಯೋ’ ಎನ್ನುತ್ತಾರೆ. ಎಂದೂ ಬಳಸದ, ಬಳಸುವ ಇರಾದೆಯೂ ಇಲ್ಲದ ಮೇಲ್ ತಂತ್ರಾಂಶವೊಂದು ಆಗ ನಿಧಾನಕ್ಕೆ ತೆರೆದುಕೊಳ್ಳತೊಡಗುತ್ತದೆ; ಅದು ಪೂರ್ತಿ ತೆರೆಯುವವರೆಗೆ ಕಾದು, ಮುಚ್ಚಿ, ಮತ್ತೆ ಎಳೆಯುವ ಕೆಲಸಕ್ಕೆ ಮರಳುತ್ತಾರೆ. ಕಂಪ್ಯೂಟರ್ ತಿಳಿಯದವರು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. ಕೋಡ್ ಬರೆದು ಹೊಟ್ಟೆ ಹೊರೆಯುವವರ ಕೈಯೂ ಹೀಗೆಯೇ ಪಳಗಿದೆ.

ಸೆಟ್ಟಿಂಗ್ಸ್‌ಗೆ ಹೋಗಿ ಡೀಫಾಲ್ಟ್, ಅಂದರೆ ಕೊಂಡಿ ಒತ್ತಿದಾಗ ತಾನಾಗಿ ತೆರೆಯುವ ತಂತ್ರಾಂಶ ಯಾವುದೆಂಬುದನ್ನು, ಬದಲಾಯಿಸಿಕೊಂಡರೆ ಮುಗಿಯಿತಲ್ಲ ಎಂದು ನಾನೂ ಹೇಳುತ್ತಿದ್ದೆ. ಈಗ ಅಷ್ಟು ಸುಲಭವಾಗಿ ಹೇಳುವುದಿಲ್ಲ. ಬದಲಾಯಿಸುವುದು ಒಂದು, ಬದಲಾದದ್ದು ಹಾಗೆಯೇ ಉಳಿಯುವುದು ಇನ್ನೊಂದು, ಉಳಿದದ್ದನ್ನು ಉಳಿದ ತಂತ್ರಾಂಶಗಳು ಕಿವಿಗೆ ಹಾಕಿಕೊಳ್ಳುವುದು ಮತ್ತೊಂದು.

ನನಗೆ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಪತ್ರಿಕೆಯೊಂದಕ್ಕೆ ಲೇಖನ ಕಳಿಸಬೇಕೆಂದು ಅದರ ಜಾಲತಾಣದಲ್ಲಿದ್ದ ಸಂಪಾದಕರ ವಿಳಾಸದ ಮೇಲೆ ಕ್ಲಿಕ್ ಮಾಡಿದ್ದರು. ಎಳೆದು ಕಾಪಿ ಮಾಡುವ ಎಚ್ಚರ ಅವರಿಗೆ ಇರಲಿಲ್ಲ. ನೀಲಿ ಬಣ್ಣದಲ್ಲಿದ್ದು ಅಡಿಗೆರೆ ಇದ್ದರೆ ಒತ್ತಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು, ಒತ್ತಿದರು. ಒಂದು ವಿಂಡೋ ತೆರೆದು ಸ್ವಾಗತ ಕೋರಿತು, ಹೆಸರು ಕೇಳಿತು, ಇ-ಮೇಲ್ ವಿಳಾಸ ಕೇಳಿತು, ಪಾಸ್‌ವರ್ಡ್ ಕೇಳಿತು. ಪತ್ರಿಕೆಯವರೇ ಕೇಳುತ್ತಿದ್ದಾರೆ ಎಂದುಕೊಂಡು ಅವರು ಎಲ್ಲವನ್ನೂ ಕೊಟ್ಟರು. ನಾನು ಹೋಗಿ ನೋಡುವ ಹೊತ್ತಿಗೆ ಪರದೆಯ ಎಡಕ್ಕೆ ಫೋಲ್ಡರ್‌ಗಳ ಸಾಲು ಮೂಡಿತ್ತು, ನಡುವೆ ಹಲವು ವರ್ಷಗಳ ಮೇಲ್‌ಗಳು ಒಂದರ ಮೇಲೊಂದು ಇಳಿಯುತ್ತಿದ್ದವು, ಕೆಳಗೆ ಹಸಿರು ಪಟ್ಟಿಯೊಂದು ಬೆಳೆಯುತ್ತಿತ್ತು. ‘ನನ್ನ ಹಳೆಯ ಪತ್ರಗಳನ್ನೆಲ್ಲ ಪತ್ರಿಕೆಯವರು ಓದುತ್ತಿದ್ದಾರೆಯೇ?’ ಎಂದು ಕೇಳಿದರು. ಪ್ರಶ್ನೆಯಲ್ಲಿ ದಡ್ಡತನ ಏನೂ ಇರಲಿಲ್ಲ. ಅವರು ಪತ್ರಿಕೆಯ ಪುಟದಲ್ಲಿದ್ದರು, ಪತ್ರಿಕೆಯ ಕೊಂಡಿಯನ್ನು ಒತ್ತಿದ್ದರು, ಎದುರಿಗೆ ಪಾಸ್‌ವರ್ಡ್ ಪೆಟ್ಟಿಗೆ ಬಂದಿತ್ತು. ನಡುವೆ ಆಪರೇಟಿಂಗ್ ಸಿಸ್ಟಂ ಎಂಬ ಮೂರನೆಯವರು ಮೂಗು ತೂರಿಸಿದ್ದಾರೆ ಎಂದು ತಿಳಿಯುವುದಕ್ಕೆ ಪರದೆಯ ಮೇಲೆ ಯಾವ ಗುರುತೂ ಇರಲಿಲ್ಲ. ಅವರಿಗೆ ಬೇಕಾಗಿದ್ದ ವಿಂಡೋ, ಅಂದರೆ ಸಂಪಾದಕರ ವಿಳಾಸ ತುಂಬಿಕೊಂಡಿದ್ದ ಹೊಸ ಪತ್ರದ ಹಾಳೆ, ಈ ಎಲ್ಲದರ ಹಿಂದೆ ಅಡಗಿ ಕುಳಿತಿತ್ತು.

ಆ ಕ್ಲಿಕ್‌ನ ಹಿಂದೆ ನಡೆಯುವ ಕೆಲಸ ನಿಜಕ್ಕೂ ಚಿಕ್ಕದು. ಪ್ರತಿ ಕೊಂಡಿಯ ಮೊದಲಲ್ಲಿ, ಕೋಲನ್ ಚಿಹ್ನೆಗೆ ಮುಂಚೆ, ಒಂದು ತುಣುಕು ಇರುತ್ತದೆ: ವೆಬ್ ಪುಟಕ್ಕೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಇ-ಮೇಲ್ ವಿಳಾಸಕ್ಕೆ ಮೇಲ್‌ಟು ಹೀಗೆ. ಆಪರೇಟಿಂಗ್ ಸಿಸ್ಟಂ ಆ ತುಣುಕನ್ನು ಓದಿ, ತನ್ನ ಪಟ್ಟಿಯಲ್ಲಿ ಅದರ ಎದುರು ಯಾರ ಹೆಸರಿದೆ ಎಂದು ನೋಡಿ, ಆ ತಂತ್ರಾಂಶವನ್ನು ಎಬ್ಬಿಸಿ ಕೊಂಡಿಯನ್ನು ಅದರ ಕೈಗೆ ದಾಟಿಸುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಈ ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಮೈಮ್‌ಆ್ಯಪ್ಸ್ ಎಂಬ ಸಾದಾ ಪಠ್ಯ ಕಡತ. ಎಡಕ್ಕೆ ಕೊಂಡಿಯ ಬಗೆ, ನಡುವೆ ಸಮ ಚಿಹ್ನೆ, ಬಲಕ್ಕೆ ತಂತ್ರಾಂಶದ ಹೆಸರು. ನೋಟ್‌ಪ್ಯಾಡ್‌ನಂಥ ಯಾವುದರಲ್ಲಾದರೂ ತೆರೆದು ತಿದ್ದಬಹುದು. (ಲಿನಕ್ಸ್‌ನಲ್ಲಿ ಎಲ್ಲವೂ ಸಸೂತ್ರ ಎಂದಲ್ಲ. ತಂತ್ರಾಂಶ ಹಾಕಿಕೊಳ್ಳಲು ಅಲ್ಲಿ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂದು ಬೇರೆ ಬೇರೆ ಬಗೆಗಳಿವೆ. ಅದೇ ಫೈರ್‌ಫಾಕ್ಸ್ ಬ್ರೌಸರನ್ನು ಸ್ನ್ಯಾಪ್ ಆಗಿ ಹಾಕಿಕೊಂಡರೆ ಪಟ್ಟಿಗೆ ಅದರ ಹೆಸರು ಒಂದು, ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿಕೊಂಡರೆ ಇನ್ನೊಂದು. ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಕೊಂಡಿ ಒತ್ತಿದಾಗ ನಮ್ಮ ಫೈರ್‌ಫಾಕ್ಸ್ ಬರುವುದಿಲ್ಲ.) ಇಡೀ ರಾಮಾಯಣ ಈ ಒಂದು ಸಾಲಿನದು. ಬ್ರೌಸರ್‌ನ ಸಾಲಿಗಾಗಿ ಕಾದಾಡುವವರು ವಿಪರೀತ. ಮೇಲ್‌ನ ಸಾಲನ್ನು ಕೇಳುವವರೇ ಇಲ್ಲ. ಎರಡೂ ಕೆಟ್ಟಿರುವುದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಬಳಕೆದಾರನ ಹೆಸರಿನಲ್ಲಿ

ಬ್ರೌಸರ್‌ನ ಸಾಲಿಗೆ ಎಷ್ಟು ಬೆಲೆ ಎಂಬುದು ನ್ಯಾಯಾಲಯದ ಕಡತಗಳಲ್ಲಿಯೇ ಇದೆ. ತಾನೇ ಡೀಫಾಲ್ಟ್ ಹುಡುಕುಯಂತ್ರವಾಗಿರಲು ಗೂಗಲ್ 2021ರ ಒಂದೇ ವರ್ಷದಲ್ಲಿ 26.3 ಶತಕೋಟಿ ಡಾಲರ್ ಕೊಟ್ಟಿತ್ತು ಎಂಬುದು ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ಹೊರಬಿತ್ತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಅದು ಹುಡುಕಾಟದ ಲೆಕ್ಕ, ನಿಜ. ಆದರೆ ಜನ ಹುಡುಕುವುದು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ (ಅಡ್ರೆಸ್ ಬಾರ್). ಬ್ರೌಸರ್ ಯಾರದೋ, ಹುಡುಕಾಟದ ಮೊದಲ ಅವಕಾಶ ಅವರದು, ಅಥವಾ ಅವರು ಯಾರಿಗೆ ಮಾರುತ್ತಾರೋ ಅವರದು. ಕೊಂಡಿ ಒತ್ತಿದಾಗ ಯಾವ ತಂತ್ರಾಂಶ ಏಳಬೇಕು ಎಂಬ ಪುಟ್ಟ ಪ್ರಶ್ನೆಯ ಸುತ್ತ ಇಷ್ಟು ಹಣ ಓಡಾಡುವಾಗ ಸೆಟ್ಟಿಂಗ್ಸ್ ಪುಟ ತಣ್ಣಗೆ ಇರಬೇಕು ಎಂದು ಬಯಸುವುದೇ ತಪ್ಪೇನೋ.

ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಮೈಕ್ರೋಸಾಫ್ಟ್‌ನ ಎದುರು ಸೋತ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆಮೇಲಿನ ಪರಿಹಾರಗಳು. ಐರೋಪ್ಯ ಆಯೋಗಕ್ಕೆ ಕೊಟ್ಟ ಮಾತಿನಂತೆ ಮೈಕ್ರೋಸಾಫ್ಟ್ 2010ರ ಮಾರ್ಚ್‌ನಿಂದ ಯುರೋಪಿನ ವಿಂಡೋಸ್ ಬಳಕೆದಾರರಿಗೆ ಬ್ರೌಸರ್ ಆಯ್ಕೆಯ ಪರದೆಯನ್ನು ತೋರಿಸತೊಡಗಿತು. ಪಕ್ಷಪಾತ ಆಗಬಾರದೆಂದು ಮುಖ್ಯ ಬ್ರೌಸರ್‌ಗಳ ಕ್ರಮವನ್ನು ಪ್ರತಿ ಸಲ ಕಲಸಿ ತೋರಿಸುವ ಏರ್ಪಾಡು ಇತ್ತು. ಕಲಸುವ ಕೋಡನ್ನು ಪರೀಕ್ಷಿಸಿದ ಪ್ರೋಗ್ರಾಮರ್ ರಾಬ್ ವೀರ್, ಅದು ಸಮನಾಗಿ ಕಲಸುತ್ತಿಲ್ಲ ಎಂದು ತೋರಿಸಿಕೊಟ್ಟರು. ಹೋಲಿಸಿ ವಿಂಗಡಿಸುವ ಫಂಕ್ಷನ್‌ಗೆ ಹೋಲಿಕೆಯ ಉತ್ತರವಾಗಿ ಮನಬಂದ ಸಂಖ್ಯೆ ಕೊಡುವ, ಹೊಸಬರು ಆಗಾಗ ಬರೆಯುವ ಕೋಡ್ ಅದು. ಆ ರೀತಿ ಕಲಸಿದರೆ ಕೆಲವು ಜಾಗಗಳು ಕೆಲವರಿಗೇ ಹೆಚ್ಚು ಸಿಗುತ್ತವೆ. ತಮಾಷೆಯೆಂದರೆ ಮೈಕ್ರೋಸಾಫ್ಟ್‌ನದೇ ಬ್ರೌಸರ್ ಆದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆ ಪುಟ ತೆರೆದಾಗ ಕೊನೆಯ ಜಾಗಕ್ಕೆ ಅತಿ ಹೆಚ್ಚು ಸಲ ಬೀಳುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರೇ. ಬೇಗನೆ ಸರಿಪಡಿಸಿದರು. ಮುಂದೆ ವಿಂಡೋಸ್ 7ರ ಸರ್ವೀಸ್ ಪ್ಯಾಕ್ 1 ಎಂಬ ದೊಡ್ಡ ಅಪ್‌ಡೇಟ್ ಬಂದಾಗ ಆ ಪರದೆಯೇ ಕಾಣೆಯಾಯಿತು. 2011ರ ಮೇಯಿಂದ 2012ರ ಜುಲೈವರೆಗೆ ಅದು ಇಲ್ಲವಾದುದಕ್ಕೆ 2013ರಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು. ತಾಂತ್ರಿಕ ತಪ್ಪಿನಿಂದ ಹಾಗಾಯಿತು ಎಂದು ಕಂಪನಿ ಹೇಳಿತ್ತು.

ಆದರೆ ಈ ಪರದೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯೊಳಗೆ ಇರುವ ಒಂದು ಮೂಲೆ. ‘ಯೂಸರ್‌ಚಾಯ್ಸ್’ ಎಂದು ಅದರ ಹೆಸರು. ಎಚ್‌ಟಿಟಿಪಿ ಕೊಂಡಿಗೆ ನೀವು ಆರಿಸಿದ ಬ್ರೌಸರ್ ಯಾವುದು ಎಂದು ಬರೆದಿಡುವ ಜಾಗ. ಮೊದಲು ಅಲ್ಲಿ ಯಾವ ತಂತ್ರಾಂಶ ಬೇಕಾದರೂ ತನ್ನ ಹೆಸರು ಬರೆದುಕೊಳ್ಳಬಹುದಿತ್ತು, ಬರೆದುಕೊಳ್ಳುತ್ತಲೂ ಇದ್ದವು. ಏನನ್ನೋ ಡೌನ್‌ಲೋಡ್ ಮಾಡಿಕೊಂಡರೆ ಜೊತೆಗೆ ಟೂಲ್‌ಬಾರ್ ಬಂದು, ಮುಖಪುಟ ಬದಲಾಗಿ, ಗುರುತೇ ಇಲ್ಲದ ಹುಡುಕುಯಂತ್ರ ಮನೆ ಹೊಕ್ಕುತ್ತಿದ್ದ ಕಾಲ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ವಿಂಡೋಸ್ 8ರಿಂದ ಆ ಹೆಸರಿನ ಪಕ್ಕದಲ್ಲಿ ಒಂದು ಹ್ಯಾಶ್ ಕೂಡ ಬರತೊಡಗಿತು. ಬಳಕೆದಾರನ ಗುರುತುಸಂಖ್ಯೆ, ಕೊಂಡಿಯ ಬಗೆ, ತಂತ್ರಾಂಶದ ಹೆಸರು, ಸಮಯ ಇವೆಲ್ಲವನ್ನೂ ಒಂದು ಗುಟ್ಟಿನ ವಾಕ್ಯದ ಜೊತೆ ಬೆರೆಸಿ ತೆಗೆದ ಮುದ್ರೆ ಅದು. ಹೆಸರಿಗೂ ಮುದ್ರೆಗೂ ತಾಳೆಯಾಗದಿದ್ದರೆ ವಿಂಡೋಸ್ ಆ ಆಯ್ಕೆಯನ್ನು ತಳ್ಳಿಹಾಕುತ್ತದೆ. ಗುಟ್ಟಿನ ವಾಕ್ಯ ಏನೆಂದು ಕುತೂಹಲಿಗಳು ಮುಂದೆ ಬಿಚ್ಚಿ ನೋಡಿದರು. ‘ವಿಂಡೋಸ್ ಬಳಕೆದಾರ ಅನುಭವದ ಮೂಲಕ ಮಾಡಲಾದ ಬಳಕೆದಾರನ ಆಯ್ಕೆ’ ಎಂಬ ಅರ್ಥದ ಇಂಗ್ಲಿಷ್ ಸಾಲು, ಅದರ ಬಾಲಕ್ಕೆ ಒಂದು ಉದ್ದನೆಯ ಸಂಕೇತ.

ಆ ಸಾಲನ್ನು ಮೊದಲು ಓದಿದಾಗ ನಗು ಬಂತು. ಆಯ್ಕೆ ನನ್ನದೇ, ಆದರೆ ಅವರ ಪುಟದ ಮೂಲಕ ಮಾಡಿದರೆ ಮಾತ್ರ ನನ್ನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಮುದ್ರೆಯ ಉದ್ದೇಶ ಒಳ್ಳೆಯದೇ ಇತ್ತು, ಟೂಲ್‌ಬಾರ್‌ಗಳ ಹಾವಳಿಗೆ ಅದು ನಿಜಕ್ಕೂ ತಡೆ ಹಾಕಿತು ಎಂದು ಒಪ್ಪಿಕೊಳ್ಳಲು ನನಗೆ ಅಡ್ಡಿಯಿಲ್ಲ. ಆದರೆ ಬಾಗಿಲು ಕಾಯುವವರೂ ಸ್ಪರ್ಧೆಯಲ್ಲಿರುವವರೂ ಒಬ್ಬರೇ ಆದಾಗ ಕಾವಲಿನ ಉದ್ದೇಶ ಎಲ್ಲಿಗೆ ಮುಗಿಯಿತು, ಸ್ಪರ್ಧೆಯದು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ವಿಂಡೋಸ್ 10 ಬಂದ 2015ರಲ್ಲಿ, ಅಪ್‌ಗ್ರೇಡ್ ಮಾಡಿಕೊಂಡರೆ ಹಿಂದಿನ ಆಯ್ಕೆ ಅಳಿಸಿಹೋಗುತ್ತದೆ ಎಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಆಗಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್ ಅವರು ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲ ಅವರಿಗೆ ಬಹಿರಂಗ ಪತ್ರವನ್ನೇ ಬರೆದರು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಬ್ರೌಸರ್ ಬದಲಾಯಿಸಲು ಒಂದು ಗುಂಡಿಯೇ ಇರಲಿಲ್ಲ. ಎಚ್‌ಟಿಎಂ, ಎಚ್‌ಟಿಎಂಎಲ್, ಪಿಡಿಎಫ್, ಎಸ್‌ವಿಜಿ, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಉದ್ದಕ್ಕೆ ಸಾಲು. ಒಂದೊಂದನ್ನೂ ಒತ್ತಿ, ಒಂದೊಂದಕ್ಕೂ ಬೇರೆಯಾಗಿ ಹೇಳಬೇಕಿತ್ತು. ಗಲಾಟೆಯಾದ ಮೇಲೆ 2022ರ ಮಾರ್ಚ್‌ನ ಅಪ್‌ಡೇಟ್‌ನಲ್ಲಿ ಒಂದು ಗುಂಡಿ ಬಂತು. ಅಷ್ಟರಲ್ಲಿ ಫೈರ್‌ಫಾಕ್ಸ್‌ನವರು ಆ ಮುದ್ರೆಯನ್ನು ತಾವೇ ತಯಾರಿಸುವ ವಿದ್ಯೆ ಕಲಿತು, ಒಂದೇ ಕ್ಲಿಕ್‌ನಲ್ಲಿ ಡೀಫಾಲ್ಟ್ ಆಗತೊಡಗಿದ್ದರು. 2024ರ ಆರಂಭದ ಹೊತ್ತಿಗೆ ಆ ರಿಜಿಸ್ಟ್ರಿ ಮೂಲೆಗೆ ಹೊರಗಿನವರು ಕೈಹಾಕದಂತೆ ತಡೆಯುವ ಡ್ರೈವರ್ (ಸಿಸ್ಟಂನ ಆಳದಲ್ಲಿ ಓಡುವ ಪುಟ್ಟ ತಂತ್ರಾಂಶ) ಒಂದು ವಿಂಡೋಸ್‌ಗೆ ಸೇರಿರುವುದನ್ನು ಜನ ಗುರುತಿಸಿದರು. ಮುದ್ರೆ ಒತ್ತುವವರಿಗೂ ಕಳ್ಳಮುದ್ರೆ ಒತ್ತುವವರಿಗೂ ಬಾಯಲ್ಲಿ ಇದ್ದುದು ಒಂದೇ ಮಾತು: ಬಳಕೆದಾರನ ಆಯ್ಕೆ.

ಯಾರಿಗೂ ಬೇಡದ ಸಾಲು

ಇನ್ನು ಮೇಲ್. ಇಲ್ಲಿ ಕಾಳಗವಿಲ್ಲ, ದಂಡವಿಲ್ಲ, ಬಹಿರಂಗ ಪತ್ರವೂ ಇಲ್ಲ. ಮೇಲ್‌ಟು ಕೊಂಡಿ ವೆಬ್‌ನ ಮೊದಲ ದಿನಗಳದು. 1994ರ ಡಿಸೆಂಬರ್‌ನಲ್ಲಿ ವೆಬ್ ವಿಳಾಸಗಳ ರೂಪವನ್ನು ನಿಗದಿಪಡಿಸಿದ ದಾಖಲೆಯಲ್ಲಿಯೇ ಅದಕ್ಕೆ ಜಾಗ ಇದೆ. ಬಳಿಕ 1998ರಲ್ಲಿ ಮತ್ತು 2010ರಲ್ಲಿ ಅದಕ್ಕೆಂದೇ ಪ್ರತ್ಯೇಕ ದಾಖಲೆಗಳು ಬಂದವು. ಯಾರಿಗೆ ಎಂಬುದಷ್ಟೇ ಅಲ್ಲ, ವಿಷಯ ಏನು, ಒಕ್ಕಣೆ ಏನು ಎಂಬುದನ್ನೂ ಕೊಂಡಿಯೊಳಗೆ ತುಂಬಿಕೊಡಬಹುದು. ಯಾವ ಫಾರಂ ಇಲ್ಲದೆ, ತಾಣದವರ ಸರ್ವರ್‌ಗೆ ನಮ್ಮ ಮಾತನ್ನು ಒಪ್ಪಿಸದೆ, ಕಳಿಸಿದ್ದರ ಪ್ರತಿ ನಮ್ಮ ಬಳಿಯೇ ಉಳಿಯುವಂತೆ ಒಬ್ಬರಿಗೆ ಬರೆಯುವ ದಾರಿ ಇದು. ಎಷ್ಟು ಚೊಕ್ಕ ಕಲ್ಪನೆ! ಅದು ಕೆಡಲು ಯಾರೂ ಸಂಚು ಹೂಡಬೇಕಾಗಲಿಲ್ಲ. ಜನ ಮೇಲ್ ಓದುವುದನ್ನು ಬ್ರೌಸರ್‌ನ ಟ್ಯಾಬ್‌ಗೆ ವರ್ಗಾಯಿಸಿಕೊಂಡರು, ಕಂಪ್ಯೂಟರ್‌ನ ಪಟ್ಟಿಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು.

ಈಗ ಅದನ್ನು ಸರಿಪಡಿಸಬೇಕಾದರೆ ಎರಡು ಕಡೆ ಹೇಳಬೇಕು. ಮೇಲ್‌ಟು ಬಂದರೆ ಬ್ರೌಸರ್‌ಗೆ ಕೊಡು ಎಂದು ಆಪರೇಟಿಂಗ್ ಸಿಸ್ಟಂಗೆ. ನಿನಗೆ ಬಂದರೆ ಇಂಥ ಮೇಲ್ ತಾಣಕ್ಕೆ ಕೊಡು ಎಂದು ಬ್ರೌಸರ್‌ಗೆ. ಎರಡನೆಯದಕ್ಕೆ ಬೇಕಾದ ಸೌಲಭ್ಯ 2008ರ ಫೈರ್‌ಫಾಕ್ಸ್ 3ರಲ್ಲಿಯೇ ಇತ್ತು. ಕ್ರೋಮ್‌ನಲ್ಲಿಯೂ ಜಿಮೇಲ್ ತೆರೆದಾಗ ವಿಳಾಸಪಟ್ಟಿಯ ಬಲತುದಿಯಲ್ಲಿ ಒಂದು ಸಣ್ಣ ಗುರುತು ಮೂಡಿ ಅನುಮತಿ ಕೇಳುತ್ತದೆ. ನಾನು ಕೇಳಿದವರಲ್ಲಿ ಆ ಗುರುತನ್ನು ನೋಡಿದ ನೆನಪಿರುವವರು ಯಾರೂ ಸಿಕ್ಕಿಲ್ಲ. ಎರಡರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಆಗುವುದು ಇನ್ನೂ ವಿಚಿತ್ರ: ವಿಳಾಸ ಒತ್ತಿದರೆ ಬ್ರೌಸರ್‌ನಲ್ಲಿ ಖಾಲಿ ಟ್ಯಾಬ್ ತೆರೆದು ಸುಮ್ಮನಿರುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಮ್ಯಾಕ್‌ನಲ್ಲಿ ಬೇರೊಂದು ಬಗೆಯ ಚೋದ್ಯ. ಡೀಫಾಲ್ಟ್ ಬ್ರೌಸರ್‌ನ ಆಯ್ಕೆಯನ್ನು 2014ರ ಯೊಸೆಮಿಟಿ ಆವೃತ್ತಿಯಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ಗೆ ತಂದರೂ ಮೇಲ್‌ನ ಆಯ್ಕೆ ವರ್ಷಗಟ್ಟಲೆ ಆ್ಯಪಲ್‌ನ ಮೇಲ್ ತಂತ್ರಾಂಶದ ಒಳಗೇ ಉಳಿಯಿತು. ಅದು ಬೇಡ ಎನ್ನಬೇಕಾದರೆ ಮೊದಲು ಅದನ್ನೇ ತೆರೆಯಬೇಕು. ತೆರೆದರೆ, ಖಾತೆ ಸೇರಿಸಿ ಎಂದು ಅದು ಮುಂದೆ ನಿಲ್ಲುವುದೂ ಉಂಟು.

ಇಷ್ಟೆಲ್ಲ ಮಾಡಿ ಗೆದ್ದೆವು ಎನ್ನುವಷ್ಟರಲ್ಲಿ ಯಾರಾದರೂ ಕಡತವೊಂದರ ಮೇಲೆ ಬಲಕ್ಲಿಕ್ ಮಾಡಿ ‘ಮೇಲ್ ಮೂಲಕ ಕಳಿಸು’ ಎನ್ನುತ್ತಾರೆ. ಹಳೆಯ ತಂತ್ರಾಂಶ ಮತ್ತೆ ಪ್ರತ್ಯಕ್ಷ, ಅಥವಾ ಈ ಕೆಲಸಕ್ಕೆ ಯಾವ ಮೇಲ್ ತಂತ್ರಾಂಶವೂ ಇಲ್ಲ ಎಂಬ ಸಂದೇಶ. ಈಗ ತಾನೇ ಹೇಳಿದೆವಲ್ಲ! ಹೇಳಿದ್ದು ಮೇಲ್‌ಟುಗೆ. ಮೇಲ್‌ಟು ಕೊಂಡಿಯಲ್ಲಿ ಕಡತ ಲಗತ್ತಿಸುವ ವ್ಯವಸ್ಥೆಯೇ ಇಲ್ಲ. ಅದಕ್ಕಾಗಿ ವಿಂಡೋಸ್‌ನಲ್ಲಿ ಮ್ಯಾಪಿ ಎಂಬ ಬೇರೆಯೇ ಹಳೆಯ ದಾರಿ ಇದೆ. ಅದರಲ್ಲಿ ಓಡಾಡಲು ಥಂಡರ್‌ಬರ್ಡ್, ಔಟ್‌ಲುಕ್‌ನಂಥ, ಕಂಪ್ಯೂಟರ್‌ನಲ್ಲಿಯೇ ನೆಲೆಸಿದ ತಂತ್ರಾಂಶವೇ ಬೇಕು. ಬ್ರೌಸರ್‌ನ ಟ್ಯಾಬ್‌ನಲ್ಲಿರುವ ಮೇಲ್‌ಗೆ ಅಲ್ಲಿ ಪ್ರವೇಶವಿಲ್ಲ. ಪರದೆಯ ಮೇಲೆ ‘ಡೀಫಾಲ್ಟ್ ಇ-ಮೇಲ್’ ಎಂದು ಒಂದೇ ಹೆಸರು, ಒಳಗೆ ಎರಡು ದಾರಿ. ಇದನ್ನು ಸಾಮಾನ್ಯ ಬಳಕೆದಾರರಿಗೆ ಹೇಗೆ ವಿವರಿಸುವುದು? ನಾನಂತೂ ವಿವರಿಸುವುದನ್ನು ಬಿಟ್ಟು, ಕಡತವನ್ನು ಟ್ಯಾಬ್‌ನೊಳಗೆ ಎಳೆದು ಹಾಕಿ ಎಂದು ಹೇಳಿ ಮುಗಿಸುತ್ತೇನೆ.

ಒಮ್ಮೆ ಒಂದು ಪುಟ್ಟ ಜಾಲತಾಣ ಕಟ್ಟುತ್ತಿದ್ದವರ ಜೊತೆ ಕುಳಿತಿದ್ದೆ. ಸಂಪರ್ಕದ ಪುಟದಲ್ಲಿ ವಿಳಾಸವಿತ್ತು, ಕೊಂಡಿ ಇರಲಿಲ್ಲ. ಪಕ್ಕದಲ್ಲಿ ಕಾಪಿ ಮಾಡುವ ಚಿಹ್ನೆ ಮಾತ್ರ ಇತ್ತು. ಮೇಲ್‌ಟು ಹಾಕಬಾರದೇಕೆ ಎಂದೆ. ‘ಹಾಕಿದ್ದೆ. ನಿಮ್ಮ ತಾಣ ಏನೇನೋ ತೆರೆಯುತ್ತದೆ ಎಂದು ದೂರು ಬಂತು, ತೆಗೆದೆ’ ಎಂದರು. ಅವರ ಲೆಕ್ಕ ಸರಿಯಾಗಿಯೇ ಇದೆ. ಬಳಕೆದಾರರ ಕಂಪ್ಯೂಟರ್‌ನಲ್ಲಿ ಯಾರೋ ಎಂದೋ ಬರೆದಿಟ್ಟ ಸಾಲಿಗೆ ತಾಣದವರು ಬೈಸಿಕೊಳ್ಳಬೇಕೇಕೆ? ಹೀಗೆ ಜನ ಒತ್ತುವುದಿಲ್ಲವೆಂದು ತಾಣದವರು ಕೊಂಡಿ ಹಾಕುವುದಿಲ್ಲ, ಕೊಂಡಿಯೇ ಇಲ್ಲದ ಮೇಲೆ ಡೀಫಾಲ್ಟ್ ಸರಿಪಡಿಸಿಕೊಳ್ಳುವ ಅಗತ್ಯ ಜನರಿಗೂ ಬೀಳುವುದಿಲ್ಲ.

ಈ ನಡುವೆ ಥಂಡರ್‌ಬರ್ಡ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಮೊದಲ ಸಲ ತೆರೆದಾಗ ಅದು ಒಂದು ಪೆಟ್ಟಿಗೆ ತೋರಿಸಿ, ಇ-ಮೇಲ್‌ಗೆ ನಾನು ಡೀಫಾಲ್ಟ್ ಆಗಲೇ, ಫೀಡ್‌ಗಳಿಗೆ (ತಾಣಗಳ ಹೊಸ ಬರಹಗಳನ್ನು ತಂದುಕೊಡುವ ಪಟ್ಟಿಗಳು) ಆಗಲೇ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಕೆಳಗೆ, ಪ್ರತಿ ಸಲವೂ ಇದನ್ನು ಕೇಳಬೇಕೇ ಎಂಬುದಕ್ಕೂ ಒಂದು ಚೌಕ ಇದೆ. ಚೌಕ ಖಾಲಿ ಮಾಡಿದರೆ ಮತ್ತೆ ಕೇಳುವುದಿಲ್ಲ. ದೇಣಿಗೆಯಿಂದ ನಡೆಯುವ ಯೋಜನೆಗೆ ಅಷ್ಟು ಸೌಜನ್ಯ ಸಾಧ್ಯವಿದೆ.

ಹೇಳಿದ ಮೇಲೂ

ಐಫೋನ್ ಬಂದದ್ದು 2007ರಲ್ಲಿ. ಅದರಲ್ಲಿ ಡೀಫಾಲ್ಟ್ ಬ್ರೌಸರ್ ಮತ್ತು ಮೇಲ್ ಬದಲಾಯಿಸಲು ಅವಕಾಶ ಸಿಕ್ಕಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಐಒಎಸ್ 14ರ ಜೊತೆ. ಸಿಕ್ಕ ಮೊದಲ ವಾರದಲ್ಲಿಯೇ ಒಂದು ದೋಷ: ಫೋನ್ ಆರಿಸಿ ಹೊತ್ತಿಸಿದರೆ ಆಯ್ಕೆ ಮತ್ತೆ ಸಫಾರಿಗೂ ಆ್ಯಪಲ್ ಮೇಲ್‌ಗೂ ಮರಳುತ್ತಿತ್ತು. ಬೇಗನೆ ತಿದ್ದಿದರು. ಆದರೆ ಸಾಲು ಸರಿಯಾಗಿದ್ದರೂ ಅದನ್ನು ಓದುವ ಗೋಜಿಗೇ ಹೋಗದವರು ಬೇಕಾದಷ್ಟಿದ್ದಾರೆ. ಎಷ್ಟೋ ಆ್ಯಪ್‌ಗಳು ಕೊಂಡಿ ಒತ್ತಿದರೆ ತಮ್ಮೊಳಗೇ ಒಂದು ಪುಟ್ಟ ಬ್ರೌಸರ್ ತೆರೆಯುತ್ತವೆ; ಅಲ್ಲಿ ನಮ್ಮ ಬುಕ್‌ಮಾರ್ಕ್ ಇಲ್ಲ, ಪಾಸ್‌ವರ್ಡ್ ಇಲ್ಲ, ಜಾಹೀರಾತು ತಡೆಯೂ ಇಲ್ಲ. ಸುದ್ದಿ, ಹವಾಮಾನ ತೋರಿಸುವ ವಿಂಡೋಸ್‌ನ ವಿಜೆಟ್‌ಗಳ ಕೊಂಡಿಗಳು ಎಚ್‌ಟಿಟಿಪಿಎಸ್ ಎಂದು ಶುರುವಾಗದೆ, ಮೈಕ್ರೋಸಾಫ್ಟ್‌ನ ಈಗಿನ ಬ್ರೌಸರ್ ಎಡ್ಜ್‌ನ ಹೆಸರಿನಲ್ಲಿ ‘ಮೈಕ್ರೋಸಾಫ್ಟ್-ಎಡ್ಜ್’ ಎಂದು ಶುರುವಾಗುತ್ತಿದ್ದವು, ಅಂದರೆ ಕರೆ ಹೋಗುವುದೇ ಬೇರೆ ಸಾಲಿಗೆ. ಅದನ್ನು ನಮ್ಮ ಬ್ರೌಸರ್‌ಗೆ ತಿರುಗಿಸುತ್ತಿದ್ದ ಎಡ್ಜ್‌ಡಿಫ್ಲೆಕ್ಟರ್ ಎಂಬ ಪುಟ್ಟ ತಂತ್ರಾಂಶದ ದಾರಿಯನ್ನು 2021ರಲ್ಲಿ ಮುಚ್ಚಿದರು. 2023ರಲ್ಲಿ ಮೈಕ್ರೋಸಾಫ್ಟ್, ಔಟ್‌ಲುಕ್ ಮತ್ತು ಟೀಮ್ಸ್‌ನ ಕೊಂಡಿಗಳು ಡೀಫಾಲ್ಟ್ ಯಾವುದೇ ಇರಲಿ ಎಡ್ಜ್‌ನಲ್ಲಿ ತೆರೆಯುತ್ತವೆ, ಬೇಡವಾದರೆ ಆಯಾ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಿ ಎಂದು ಪ್ರಕಟಿಸಿತು. ಮೇಲ್ ತಂತ್ರಾಂಶವೇ ಬ್ರೌಸರ್‌ನ ಆಯ್ಕೆಯನ್ನು ಮೀರುವ ಹಂತಕ್ಕೆ ಬಂದೆವು.

ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ 2024ರ ಮಾರ್ಚ್‌ನಲ್ಲಿ ದೊಡ್ಡ ಕಂಪನಿಗಳಿಗೆ ಅನ್ವಯವಾದ ಮೇಲೆ ಐಫೋನ್‌ನಲ್ಲಿಯೂ ಅಲ್ಲಿನವರಿಗೆ ಬ್ರೌಸರ್ ಆಯ್ಕೆಯ ಪರದೆ ಬಂತು. ಮೇಲ್‌ಗೆ ಅಂಥದ್ದೇನೂ ಬರಲಿಲ್ಲ. ಬಂದರೆ ಒಳ್ಳೆಯದೇ ಎಂಬುದರ ಬಗ್ಗೆಯೂ ನನಗೆ ಅನುಮಾನವಿದೆ. ಪರದೆ ಒಮ್ಮೆ ಕೇಳಿ ಹೋಗುತ್ತದೆ, ಆಮೇಲಿನ ವರ್ಷಗಳಲ್ಲಿ ಆ ಉತ್ತರವನ್ನು ಪಾಲಿಸುತ್ತಿದ್ದಾರೆಯೇ ಎಂದು ನೋಡುವ ಕೆಲಸ ಅದರದಲ್ಲ. ನನಗೆ ಬೇಕಾಗಿರುವುದು ಲಿನಕ್ಸ್‌ನ ಆ ಪಠ್ಯ ಕಡತದಂಥ ಒಂದು ಪುಟ: ಕೊಂಡಿಯ ಬಗೆ, ಎದುರಿಗೆ ಹೆಸರು, ಅದನ್ನು ಕೊನೆಯ ಸಲ ಬದಲಾಯಿಸಿದ್ದು ಯಾರು, ಯಾವ ದಿನ. ಆ ಕೊನೆಯ ಕಾಲಂ ನನಗೆ ಗೊತ್ತಿರುವ ಯಾವ ಸೆಟ್ಟಿಂಗ್ಸ್ ಪುಟದಲ್ಲಿಯೂ ಇಲ್ಲ.

ಅಲ್ಲಿಯವರೆಗೆ, ಹೊಸ ಕಂಪ್ಯೂಟರ್ ಕೈಗೆ ಬಂದಾಗ ಮತ್ತು ಪ್ರತಿ ದೊಡ್ಡ ಅಪ್‌ಡೇಟ್‌ನ ಮರುದಿನ ನಾನು ಮಾಡುವ ಪರೀಕ್ಷೆ ಇದು. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೇಲ್‌ಟು ಎಂದು ಬರೆದು, ಕೋಲನ್ ಹಾಕಿ, ನನ್ನದೇ ವಿಳಾಸ ಸೇರಿಸಿ ಎಂಟರ್ ಒತ್ತುತ್ತೇನೆ. ಹೊಸ ಪತ್ರದ ಹಾಳೆ ನಾನು ಬಳಸುವ ಮೇಲ್‌ನಲ್ಲಿಯೇ ತೆರೆದರೆ ಸರಿ. ಸ್ವಾಗತದ ವಿಂಡೋ ಬಂದರೆ ಏನನ್ನೂ ತುಂಬದೆ ಮುಚ್ಚಿ ಮೊದಲು ಸಿಸ್ಟಂನ ಸೆಟ್ಟಿಂಗ್ಸ್, ಆಮೇಲೆ ಬ್ರೌಸರ್‌ನ ಸೆಟ್ಟಿಂಗ್ಸ್, ಇದೇ ಕ್ರಮದಲ್ಲಿ. ಪಿಡಿಎಫ್ ಕಡತವೊಂದನ್ನು ತೆರೆದು ನೋಡುವುದನ್ನೂ ಮರೆಯಬೇಡಿ; ವಿಂಡೋಸ್‌ನ ಆ ಒಂದು ಗುಂಡಿಯ ಲೆಕ್ಕಕ್ಕೆ ಪಿಡಿಎಫ್ ಸೇರಿರಲಿಲ್ಲ, ಅದಕ್ಕೆ ಬೇರೆಯಾಗಿ ಹೇಳಬೇಕಾಗುತ್ತದೆ. ಬಲಕ್ಲಿಕ್‌ನ ಪರೀಕ್ಷೆ ಥಂಡರ್‌ಬರ್ಡ್‌ನಂಥದ್ದನ್ನು ಹಾಕಿಕೊಂಡಿದ್ದರೆ ಮಾತ್ರ.